ಎದುರು ಮನೆಯ ಬಾವುಟ

ನನ್ನ ಗಂಡ ಔಲಿಸ್ ಸತ್ತ ಸುದ್ದಿ ನಗರದ ಆಸ್ಪತ್ರೆಯಿಂದ ಬಂದ ಬೆಳಿಗ್ಗೆ, ಅಳುವುದಕ್ಕೂ ಮೊದಲು ನಾನು ಅಡುಗೆಮನೆಯ ಪರದೆ ಸರಿಸಿ ಎದುರು ಮನೆಯ ಬಾವುಟದ ಕಂಬ ನೋಡಿದೆ. ಬರೀ ಕಂಬ. ಸರಿ, ಎನ್ಸಿಯೊನಿಗೆ ಇನ್ನೂ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡು ಕೋಟು ತೊಟ್ಟು ಹೊರಗೆ ಹೋದೆ. ನಮ್ಮ ಅಂಗಳದ ಬಾವುಟವನ್ನು ತುದಿಯವರೆಗೆ ಏರಿಸಿ, ಆಮೇಲೆ ಅರ್ಧಕ್ಕೆ ಇಳಿಸಿ ಕಟ್ಟಿದೆ. ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಸಾರುವುದಿಲ್ಲ, ಬಾವುಟವೇ ಹೇಳುತ್ತದೆ. ಒಂದು ಅಂಗಳದಲ್ಲಿ ಅದು ಅರ್ಧಕ್ಕಿಳಿದರೆ ನೆರೆಯವರೂ ತಮ್ಮದನ್ನು ಇಳಿಸುತ್ತಾರೆ. ಮಣ್ಣು ಮಾಡುವ ದಿನ ಚರ್ಚಿನ ದಾರಿಯುದ್ದಕ್ಕೂ ಇಳಿಸುತ್ತಾರೆ. ಸತ್ತವನು ಕುಡುಕನಾಗಿರಲಿ, ಜಗಳಗಂಟನಾಗಿರಲಿ, ಅಷ್ಟು ಅವನಿಗೆ ಸಲ್ಲುತ್ತದೆ.

ಮಧ್ಯಾಹ್ನದವರೆಗೂ ನಾನು ಕಿಟಕಿ ಬಿಟ್ಟು ಏಳಲಿಲ್ಲ. ಎದುರು ಮನೆಯ ಎನ್ಸಿಯೊ ಹೊರಗೆ ಬಂದ, ಬುಟ್ಟಿಗೆ ಸೌದೆ ತುಂಬಿಕೊಂಡ, ನಮ್ಮ ಬಾವುಟ ನೋಡಿದ. ನೋಡುತ್ತಲೇ ನಿಂತ. ಆಮೇಲೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದ. ಅವನ ಕಂಬ ಹಾಗೇ ಉಳಿಯಿತು.

ಅಯ್ಯೋ ಪಾಪಿ ಎಂದುಕೊಂಡೆ. ಸತ್ತ ಮೇಲೂ ಬಿಡಲಿಲ್ಲವಲ್ಲ.

ಆವತ್ತಿನಿಂದ ಮಣ್ಣಿನ ದಿನದವರೆಗೆ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ನನ್ನ ಗಂಡನಿಗೆ ಒಂದು ಬಾವುಟ ಇಳಿಯಬೇಕು. ದಾರಿಯುದ್ದಕ್ಕೂ ಬೇಡ, ಒಂದೇ ಸಾಕು, ನನ್ನ ಮನೆಯದಲ್ಲದ ಒಂದು. ಹೂವು ಯಾವುದು, ಶವಪೆಟ್ಟಿಗೆ ಯಾವುದು ಎಂದು ಮಗಳು ಮೇರ್ವಿ ಫೋನಿನಲ್ಲಿ ಕೇಳುತ್ತಿದ್ದರೆ ನಾನು ಕಿಟಕಿಯಾಚೆ ನೋಡುತ್ತಾ ಹೂಂಗುಟ್ಟುತ್ತಿದ್ದೆ.

ಈಗಿನ ಭೂಪಟದಲ್ಲಿ ಕುರ್ಕಿಲಾ ಪಂಚಾಯಿತಿಯನ್ನು ಹುಡುಕಬೇಡಿ, ಸಿಗುವುದಿಲ್ಲ. ಅದನ್ನು ನುಂಗಿದ ನಗರದ ಹೆಸರನ್ನು ನಾನು ಹೇಳುವುದಿಲ್ಲ. ಆ ಹೆಸರು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕುರ್ಕಿಲಾ ಎಂದರೆ ಮಹಾ ಬರಗಾಲದಲ್ಲಿ ಪೈನ್ ತೊಗಟೆ ಬೆರೆಸಿದ ರೊಟ್ಟಿ ತಿಂದು ಉಳಿದ ಕೆಲವು ರೈತರು ಚರ್ಚಿನಲ್ಲಿ ಸೇರಿ ಕಟ್ಟಿಕೊಂಡ ಪಂಚಾಯಿತಿ. ಹಸಿದು ಬಂದವರನ್ನು ಯಾವ ಊರೂ ತನ್ನವರೆಂದು ಒಪ್ಪದ ಕಾಲ ಅದು. ನಮ್ಮ ಬಡವರನ್ನು, ನಮ್ಮ ಮುದುಕರನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ಮೊದಲ ಸಭೆಯಲ್ಲಿ ಹೇಳಿದರಂತೆ. ಔಲಿಸ್‌ನ ಮುತ್ತಜ್ಜ ಅವರಲ್ಲೊಬ್ಬ. ಈ ಕತೆಯನ್ನು ಔಲಿಸ್ ಎಷ್ಟು ಸಲ ಹೇಳಿದ್ದನೆಂದರೆ, ಆ ಸಭೆಗೆ ಕಾಫಿ ಕೊಟ್ಟವಳು ನಾನೇ ಏನೋ ಎಂದು ನನಗೆ ಅನಿಸತೊಡಗಿತ್ತು.

ನಾನು ಮಾತ್ರ ಕುರ್ಕಿಲಾದವಳಲ್ಲ. ಹುಟ್ಟಿದ್ದು ಇಲ್ಲೇ, ಆದರೂ ಅಲ್ಲ. ಯುದ್ಧದಲ್ಲಿ ನಮ್ಮ ದೇಶದ ಪೂರ್ವಗಡಿಯ ಕರೇಲಿಯಾ ಸೀಮೆ ಕೈಬಿಟ್ಟುಹೋದಾಗ ನನ್ನ ಅಪ್ಪ ಅಮ್ಮ ಒಂದು ಹಸು, ಒಂದು ಹೊಲಿಗೆ ಯಂತ್ರದೊಂದಿಗೆ ಗೂಡ್ಸ್ ರೈಲಿನಲ್ಲಿ ಬಂದಿಳಿದವರು. ಅವರ ಪಂಚಾಯಿತಿ ಗಡಿಯಾಚೆ ಉಳಿಯಿತು, ಚರ್ಚು ಗಂಟೆ ಗೋರಿಗಳ ಸಮೇತ. ಸರ್ಕಾರ ಔಲಿಸ್‌ನ ಅಪ್ಪನ ಹೊಲದಲ್ಲೇ ಒಂದು ಮೂಲೆ ಕತ್ತರಿಸಿ ನಮ್ಮಪ್ಪನಿಗೆ ಕೊಟ್ಟಿತು. ನಾನು ಔಲಿಸ್‌ನನ್ನು ಮದುವೆಯಾದ ದಿನ ನನ್ನ ಅತ್ತೆ ಕಾಫಿ ಬಗ್ಗಿಸುತ್ತಾ ಎಲ್ಲರಿಗೂ ಕೇಳುವ ಹಾಗೆ ಅಂದಳು, "ಮೊದಲು ಹೊಲ ತಗೊಂಡ್ರು. ಈಗ ಮಗನ್ನೂ ತಗೊಂಡ್ರು."

"ಹಸು ನಾವೇ ತಂದಿದ್ವಿ ಅತ್ತೆ. ಹೋರಿ ಒಂದು ಕಡಿಮೆ ಇತ್ತು" ಅಂದೆ ನಾನು.

ಮನೆಯಲ್ಲಿ ಚಮಚದ ಸದ್ದೂ ನಿಂತಿತು. ಕುರ್ಕಿಲಾದವರಿಗೆ ಮಾತೆಂದರೆ ಸೌದೆಯ ಹಾಗೆ, ಚಳಿಗಾಲಕ್ಕೆಂದು ಉಳಿಸಿ ಇಡುವಂಥದ್ದು. ನಮ್ಮ ಕರೇಲಿಯಾದವರದ್ದು ಹಾಗಲ್ಲ. ಆವತ್ತು ನಕ್ಕವನು ಎನ್ಸಿಯೊ ಒಬ್ಬನೇ. ಏಲಕ್ಕಿ ಬನ್ನು ಗಂಟಲಿಗೆ ಸಿಕ್ಕಿ ಕೆಮ್ಮು ಬರುವವರೆಗೂ ನಕ್ಕ. ಅವನು ಔಲಿಸ್‌ನ ಜೊತೆ ಸ್ಕೀ ಕಟ್ಟಿಕೊಂಡು ಶಾಲೆಗೆ ಹೋಗಿ ಬಂದವನು. ನನಗೆ ಆ ಊರಿನಲ್ಲಿ ಮೊದಲು ಹಿಡಿಸಿದ ಮನುಷ್ಯ, ಗಂಡನಿಗಿಂತಲೂ ಮೊದಲು ಅಂತಲೇ ಹೇಳಬಹುದು.

ನಾವು ಮನೆ ಕಟ್ಟಿದ ವರ್ಷವೇ ಅವನೂ ದಾರಿಯ ಆಚೆ ಮನೆ ಕಟ್ಟಿದ. ಇಬ್ಬರೂ ಕಾಡಿಗೆ ಹೋಗಿ ಅಕ್ಕಪಕ್ಕ ಬೆಳೆದ ಎರಡು ನೆಟ್ಟನೆಯ ಮರ ಕಡಿದು ತಂದರು. ತೊಗಟೆ ಕೆತ್ತಿ, ಬಿಳಿ ಬಣ್ಣ ಬಳಿದು, ಒಂದನ್ನು ಅವನ ಅಂಗಳದಲ್ಲೂ ಒಂದನ್ನು ನಮ್ಮ ಅಂಗಳದಲ್ಲೂ ಬಾವುಟದ ಕಂಬವಾಗಿ ನಿಲ್ಲಿಸಿದರು. ಮರದ ಕಂಬ ಮಳೆಗೆ ಹಿಮಕ್ಕೆ ಬಣ್ಣ ಬಿಡುತ್ತದೆ. ಹಾಗಾಗಿ ಬುಡದಲ್ಲೊಂದು ಕೀಲು ಇಟ್ಟಿರುತ್ತಾರೆ, ಕಂಬವನ್ನು ನೆಲಕ್ಕೆ ಮಲಗಿಸಿ ಬಣ್ಣ ಹಚ್ಚಿ ಮತ್ತೆ ಎತ್ತಬಹುದು. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಅದು, ಇಬ್ಬರು ಗಟ್ಟಿ ಆಳು ಬೇಕು. ಪ್ರತಿ ವಸಂತದಲ್ಲೂ ಮೊದಲು ಅವನದು, ಆಮೇಲೆ ನಮ್ಮದು. ನಡುವೆ ಕಾಫಿ, ಜೊತೆಗೆ ನನ್ನ ಅಮ್ಮ ಕಲಿಸಿದ ಅನ್ನದ ಹೂರಣದ ಕಡುಬು. ಆ ಇಡೀ ದಿನ ಅವರಿಬ್ಬರ ನಡುವೆ ಮಾತೆಂದರೆ "ಹಿಡಿ", "ಬಿಡು", "ಇನ್ನೊಂಚೂರು", ಅಷ್ಟೆ. ಇಷ್ಟರಲ್ಲೇ ಗಂಡಸರ ಸ್ನೇಹ ಹೇಗೆ ನಡೆಯುತ್ತದೋ ಎಂದು ನಾನು ಬೆರಗಾಗುತ್ತಿದ್ದೆ. ನಡೆಯಿತು, ಬಹಳ ವರ್ಷ ಚೆನ್ನಾಗಿಯೇ ನಡೆಯಿತು.

ಊರು ಮಾತ್ರ ಸೊರಗುತ್ತಾ ಬಂತು. ಕೆಲವರು ಸ್ವೀಡನ್ನಿನ ಕಾರ್ಖಾನೆಗಳಿಗೆ ಹೋದರು, ಕೆಲವರು ದಕ್ಷಿಣಕ್ಕೆ. ಮೂಲೆ ಮೂಲೆಯ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೊನೆಗೆ ಪಂಚಾಯಿತಿಯಲ್ಲಿ ಹೆಮ್ಮೆಪಡಲು ಉಳಿದದ್ದು ಎರಡೇ. ಲಾಂಛನದಲ್ಲಿದ್ದ ಒಂಟಿಕಾಲಿನ ಕೊಕ್ಕರೆ, ಮತ್ತು ಪುಟ್ಟ ಆಸ್ಪತ್ರೆಯ ಮುದುಕರ ವಾರ್ಡು. ಅಲ್ಲಿ ಹಾಸಿಗೆಯಲ್ಲಿ ಮಲಗಿದ್ದವರಿಗೆ ಕಿಟಕಿಯಿಂದ ನಮ್ಮ ಚರ್ಚಿನ ಗೋಪುರ ಕಾಣುತ್ತಿತ್ತು. ನನ್ನ ಅತ್ತೆ ಆಗ ಅಲ್ಲೇ ಮಲಗಿದ್ದಳು. ಯಾರ ಗುರುತೂ ಹತ್ತುತ್ತಿರಲಿಲ್ಲ, ಗೋಪುರದ ಗುರುತು ಹತ್ತುತ್ತಿತ್ತು.

ವಿಲೀನದ ಮಾತು ಬಂದಾಗ ಔಲಿಸ್ ಪಂಚಾಯಿತಿಯ ಅಧ್ಯಕ್ಷ, ಎನ್ಸಿಯೊ ಸದಸ್ಯ. ಎನ್ಸಿಯೊ ಕಡೆಯವರು, ಸತ್ತರೂ ಇಲ್ಲೇ ಸಾಯೋಣ, ನಗರಕ್ಕೆ ಸೇರುವುದು ಬೇಡ ಅಂದರು. ಇನ್ನೊಂದು ಕಡೆಯವರು, ನಮ್ಮ ಕೈಯಲ್ಲಿ ಇನ್ನು ನಡೆಯುವುದಿಲ್ಲ, ಡಾಕ್ಟರು ಕೂಡ ಬರುತ್ತಿಲ್ಲ ಅಂದರು. ಔಲಿಸ್ ಏನೂ ಅನ್ನಲಿಲ್ಲ. ಸಭೆಯ ಹಿಂದಿನ ಸಂಜೆ ಸೌನಾದಲ್ಲಿ, ಅಂದರೆ ಅಂಗಳದ ಹಬೆಸ್ನಾನದ ಮನೆಯಲ್ಲಿ, ಬಿಸಿ ಕಲ್ಲಿಗೆ ನೀರು ಎರಚುತ್ತಾ ನನ್ನ ಹತ್ತಿರ ಬಾಯಿಬಿಟ್ಟ.

"ಒಪ್ಪಂದದಲ್ಲಿ ವಾರ್ಡು ಸೇರಿಸಿದ್ದಾರೆ. ಮುಚ್ಚಲ್ಲ ಅಂತ ಬರ್ಕೊಟ್ಟಿದ್ದಾರೆ."

"ಬರ್ಕೊಟ್ಟಿದ್ದಾರಾ? ನಮ್ಮಪ್ಪಂಗೂ ಹೇಳಿದ್ರು, ಬೇಗ ಊರಿಗೆ ವಾಪಸ್ ಹೋಗ್ತೀರ ಅಂತ."

"ಅದು ಯುದ್ಧ ಕಣೇ. ಇದು ಹಾಗಲ್ಲ."

"ಹಂಗಾದ್ರೆ ನಾಳೆ ಏನ್ಮಾಡ್ತೀಯ?"

ಇನ್ನೊಂದು ಸೌಟು ನೀರು ಎರಚಿ ಅಂದ, "ಸಾಯೋವಾಗ ಕಿಟಕೀಲಿ ನಮ್ಮ ಗೋಪುರ ಕಾಣ್ಬೇಕು, ಸೈಮಿ. ಪಂಚಾಯಿತಿ ಇದ್ರೂ ಇಲ್ದಿದ್ರೂ ಅಷ್ಟು ಉಳೀಬೇಕು."

ಮರುದಿನ ಮತ ಸಮ ಸಮ ಬಂತು. ಹಾಗೆ ಬಂದಾಗ ಅಧ್ಯಕ್ಷ ಯಾವ ಕಡೆಯೋ ಆ ಕಡೆ ಗೆದ್ದಂತೆ. ಔಲಿಸ್ ವಿಲೀನದ ಕಡೆ ಇದ್ದ. ಎನ್ಸಿಯೊ ಎದ್ದು ಟೋಪಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದನಂತೆ.

ಇಷ್ಟಾದರೂ ಊರು ಔಲಿಸ್‌ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತೋ ಏನೋ. ಕೆಡಿಸಿದ್ದು ಕೊನೆಯ ದಿನ.

ಡಿಸೆಂಬರಿನ ಕೊನೆಯ ದಿನ, ಕುರ್ಕಿಲಾದ್ದೂ ಕೊನೆಯ ದಿನ. ಸತ್ತ ಮನುಷ್ಯನಿಗೆ ಮಾಡುವ ಹಾಗೆ ಪಂಚಾಯಿತಿಗೂ ಬಾವುಟ ಇಳಿಸೋಣ ಎಂದು ಸೊಸೈಟಿ ಅಂಗಡಿಯ ಕಾಫಿ ಮೇಜಿನ ಮೇಲೆ ತೀರ್ಮಾನವಾಗಿತ್ತು. ಬೆಳಿಗ್ಗೆ ಕತ್ತಲಲ್ಲೇ ಎಲ್ಲ ಅಂಗಳಗಳಲ್ಲೂ ಬಾವುಟ ಅರ್ಧಕ್ಕೆ ನಿಂತವು. ನಮ್ಮದೂ ನಿಂತಿತು. ಔಲಿಸ್ ತಾನೇ ಏರಿಸಿ, ತಾನೇ ಇಳಿಸಿ ಕಟ್ಟಿದ್ದ. ಮಧ್ಯಾಹ್ನ ಪಂಚಾಯಿತಿ ಕಚೇರಿಯಲ್ಲಿ ಕೊನೆಯ ಕಾಫಿ. ಅಲ್ಲಿ ಕೊಕ್ಕರೆಯ ಧ್ವಜವನ್ನು ಮಡಿಸಿಟ್ಟು, ಹೊತ್ತು ಮುಳುಗುವ ಮುಂಚೆ ಮನೆಗೆ ಬಂದ. ಹೊತ್ತು ಮುಳುಗಿದ ಮೇಲೆ ಬಾವುಟ ಮೇಲಿರಬಾರದು. ಅರ್ಧಕ್ಕಿದ್ದದ್ದನ್ನು ಹಾಗೇ ಕೆಳಕ್ಕೆ ಎಳೆಯುವಂತೆಯೂ ಇಲ್ಲ, ಮೊದಲು ತುದಿಯವರೆಗೆ ಏರಿಸಿ, ಆಮೇಲೆ ಇಳಿಸಬೇಕು. ಇದು ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಔಲಿಸ್ ತುದಿಗೆ ಏರಿಸಿದ. ಅಲ್ಲೇ ನಿಂತುಬಿಟ್ಟಿತು.

ಕ್ರಿಸ್ಮಸ್ಸಿಗೆ ಮಳೆ ಬಿದ್ದು ಹಗ್ಗ ನೆನೆದಿತ್ತು, ಆಮೇಲೆ ಮೂಗಿನ ಕೂದಲು ಹೆಪ್ಪುಗಟ್ಟುವಂಥ ಚಳಿ ಬಂದಿತ್ತು. ಮೇಲಿನ ರಾಟೆಯಲ್ಲಿ ಹಗ್ಗ ಕಚ್ಚಿಕೊಂಡಿತು. ಎಳೆದ, ಜಗ್ಗಿದ. ಕೈಗವಸು ಜಾರುತ್ತದೆಂದು ಅದನ್ನೂ ಬಿಸುಟು ಬರಿಗೈಯಲ್ಲಿ ಜಗ್ಗಿದ. ಅಷ್ಟರಲ್ಲಿ ಕಚೇರಿಯಿಂದ ಜನ ಗುಂಪು ಗುಂಪಾಗಿ ಮನೆಗೆ ನಡೆದು ಬರುತ್ತಿದ್ದರು. ಎಲ್ಲರ ಬಾವುಟವೂ ಅರ್ಧಕ್ಕೆ, ವಿಲೀನಕ್ಕೆ ಕೈ ಎತ್ತಿದವನ ಬಾವುಟ ಮಾತ್ರ ಹಬ್ಬದ ದಿನದ ಹಾಗೆ ತುತ್ತತುದಿಯಲ್ಲಿ. ಯಾರೂ ನಿಲ್ಲಲಿಲ್ಲ, ಯಾರೂ ಕೇಳಲಿಲ್ಲ.

"ಕಂಬ ಮಲಗಿಸ್ಬೇಕು. ಎನ್ಸಿಯೊನ ಕರ್ಕೊಂಬರ್ತೀನಿ" ಎಂದು ಔಲಿಸ್ ದಾರಿ ದಾಟಿ ಹೋದ. ನಾನು ಒಲೆಯ ಮೇಲೆ ನೀರಿಟ್ಟೆ, ಅವನ ಕೈ ತೊಳೆಯಲು. ಅಂಗೈಯ ಚರ್ಮ ಹಗ್ಗಕ್ಕೇ ಅಂಟಿಕೊಂಡು ಕಿತ್ತುಬಂದಿತ್ತು. ಅವನು ಒಬ್ಬನೇ ವಾಪಸು ಬಂದ.

"ಬಾಗ್ಲು ತಟ್ಟಿದೆ. ಊರಲ್ಲಿಲ್ಲ ಅನ್ಸುತ್ತೆ. ಬಾವುಟ ಆಗ್ಲೇ ಇಳಿಸಿದಾನೆ, ಮಗಳ ಮನೆಗೆ ಹೋಗಿರ್ಬೇಕು."

"ಬೇರೆ ಯಾರನ್ನಾದ್ರೂ ಕರಿ."

"ಬೇರೆ ಯಾರು ಬರ್ತಾರೆ?" ಅಂದ.

ಹೀಗೆ ಆ ಬಾವುಟ ರಾತ್ರಿಯೆಲ್ಲಾ ಮೇಲೇ ಇತ್ತು. ನಗರದವರ ಪಟಾಕಿ ದಿಗಂತದಲ್ಲಿ ಸಿಡಿದಾಗಲೂ ಇತ್ತು, ಹೊಸ ವರ್ಷದ ಬೆಳಿಗ್ಗೆ ಜನ ಚರ್ಚಿಗೆ ಹೋಗುವಾಗಲೂ ಇತ್ತು. ಚಳಿ ಸಡಿಲಿಸಿದ ಮೇಲೆ ತಾನಾಗಿ ಜಾರಿ ಬಂತು, ಅಂಚೆಲ್ಲಾ ಚಿಂದಿಯಾಗಿ. ಹರಿದ ಬಾವುಟವನ್ನು ಎಲ್ಲೆಂದರಲ್ಲಿ ಎಸೆಯುವಂತಿಲ್ಲ, ಮರ್ಯಾದೆಯಿಂದ ಸುಡಬೇಕು. ಔಲಿಸ್ ಅದನ್ನು ಸೌನಾದ ಒಲೆಗೆ ಹಾಕಿ, ಉರಿದು ಮುಗಿಯುವವರೆಗೂ ಟೋಪಿ ತೆಗೆದು ನಿಂತಿದ್ದ.

ನನ್ನ ನಾಲಿಗೆ ಸುಮ್ಮನಿರುವಂಥದ್ದಲ್ಲ. ಸೊಸೈಟಿ ಅಂಗಡಿಗೆ ಹೋಗಿ, ಕಾಫಿ ಮೇಜಿನ ಸುತ್ತ ಕೂತವರಿಗೆಲ್ಲಾ ನಡೆದದ್ದು ನಡೆದ ಹಾಗೆ ಹೇಳಿದೆ. ಅಂಗಡಿ ನೋಡಿಕೊಳ್ಳುತ್ತಿದ್ದ ತೂಲಿಕ್ಕಿ ಗಲ್ಲಾದ ಹಿಂದಿನಿಂದ ನಕ್ಕಳು.

"ಹಗ್ಗ ಕಚ್ಕೊಂಡ್ತಾ? ನಮ್ಮೆಲ್ಲರ ಹಗ್ಗಾನೂ ಹಗ್ಗಾನೇ ಅಲ್ವಾ ಸೈಮಿ? ಔಲಿಸ್ ಹಗ್ಗಕ್ಕೆ ಮಾತ್ರ ಚಳಿ ಆಯ್ತಾ?"

"ಅವನು ಸಹಾಯ ಕೇಳೋಕೆ ಎನ್ಸಿಯೊ ಮನೆಗೆ ಹೋಗಿದ್ದ. ಇಲ್ಲೇ ಕೂತಿದ್ದಾನಲ್ಲ, ಕೇಳಿ" ಅಂದೆ. "ಎನ್ಸಿಯೊ, ನೀನೇ ಹೇಳು. ಆವತ್ತು ನೀನು ಊರಲ್ಲಿರ್ಲಿಲ್ಲ ತಾನೇ?"

ಎನ್ಸಿಯೊ ಬಟ್ಟಲಿನೊಳಗೆ ನೋಡುತ್ತಾ ಅಂದ, "ಇರ್ಲಿಲ್ಲ. ಮಗಳ ಮನೇಲಿದ್ದೆ."

"ಹಂಗಾದ್ರೆ ಬಾಗ್ಲು ತಟ್ಟಿದ್ದನ್ನ ನೋಡಿದವರು ಯಾರೂ ಇಲ್ಲ ಅನ್ನು" ಅಂದಳು ತೂಲಿಕ್ಕಿ. ಮೇಜಿನ ಸುತ್ತ ಒಬ್ಬರೂ ಕಣ್ಣೆತ್ತಲಿಲ್ಲ. ಮನೆಗೆ ಬಂದು ಇದನ್ನು ಹೇಳಿದರೆ ಔಲಿಸ್ ನನ್ನ ಮೇಲೇ ಸಿಡುಕಿದ.

"ಇನ್ಮೇಲೆ ಯಾರಿಗೂ ಹೇಳ್ಬೇಡ. ವಿಲೀನಕ್ಕೆ ಕೈ ಎತ್ತಿದ್ದು ನಾನೇ ತಾನೇ? ಬಾವುಟ ಕೆಳಗೆ ಬಂದಿದ್ರೆ ನನ್ನ ಕ್ಷಮಿಸ್ಬಿಡ್ತಿದ್ರಾ?"

ಆಮೇಲಿನ ವರ್ಷಗಳನ್ನು ಹೇಳುವುದೇನಿದೆ. ಅವನು ಅಂಗಡಿಗೆ ಹೋದರೆ ಕಾಫಿ ಮೇಜು ತುಂಬಿದ್ದರೂ ಅವನ ಪಕ್ಕದ ಕುರ್ಚಿ ಖಾಲಿ. ಬಯ್ಯಲಿಲ್ಲ, ಕಲ್ಲು ಹೊಡೆಯಲಿಲ್ಲ, ತಲೆಯಾಡಿಸಿ ಸುಮ್ಮನಾದರು ಅಷ್ಟೆ. ಬಯ್ದಿದ್ದರೆ ನಾನು ತಿರುಗಿ ಬಯ್ಯುತ್ತಿದ್ದೆ. ವಸಂತ ಬಂತು, ಕಂಬಕ್ಕೆ ಬಣ್ಣ ಹಚ್ಚುವ ಕಾಲ ಬಂತು, ದಾರಿ ದಾಟಿ ಯಾರೂ ಬರಲಿಲ್ಲ. ನಮ್ಮ ಕಂಬದ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು. ಎನ್ಸಿಯೊನ ಕಂಬದ್ದೂ ಉದುರಿತು. ನಗರಸಭೆಯವರು ಬಂದು ನಮ್ಮ ಚರ್ಚ್ ದಾರಿಯ ಹಲಗೆ ಕಿತ್ತರು, ಆ ಹೆಸರಿನ ದಾರಿ ನಗರದಲ್ಲಿ ಆಗಲೇ ಒಂದಿದೆಯಂತೆ. ನಮ್ಮದಕ್ಕೆ ಕೊಕ್ಕರೆ ಓಣಿ ಎಂದು ಹೆಸರಿಟ್ಟರು. ಅತ್ತೆ ಗೋಪುರ ನೋಡುತ್ತಲೇ ತೀರಿಕೊಂಡಳು, ಪುಣ್ಯವಂತೆ. ಅವಳ ಹಿಂದೆಯೇ ವಾರ್ಡು ಮುಚ್ಚಿದರು. ಒಪ್ಪಂದದ ಅವಧಿ ಮುಗಿಯಿತಂತೆ. ಆ ದಿನ ಔಲಿಸ್ ಊಟಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಸೌನಾದಲ್ಲಿ, ಬೆಂಕಿಯಿಲ್ಲದ ಒಲೆಯ ಮುಂದೆ ಕೂತಿದ್ದ. ಹೋಗಿ ಅವನ ಪಕ್ಕ ಕೂತೆ.

ಮತ್ತೂ ಬಹಳ ವರ್ಷ ಬದುಕಿದ. ಈ ಶರತ್ಕಾಲದಲ್ಲಿ ಎದೆನೋವೆಂದು ಆಂಬುಲೆನ್ಸಿನವರು ಅವನನ್ನು ನಗರದ ದೊಡ್ಡ ಆಸ್ಪತ್ರೆಗೆ ಒಯ್ದರು. ಕಿಟಕಿಯಾಚೆ ಕಾಣುತ್ತಿದ್ದದ್ದು ಕಾರು ನಿಲ್ಲಿಸುವ ಬಯಲು. "ಯಾವ ಕಡೆ ಇದೆ ನಮ್ಮೂರು?" ಎಂದು ಕೇಳಿದ. ನನಗೂ ದಿಕ್ಕು ತಿಳಿಯಲಿಲ್ಲ, ಸುಮ್ಮನೆ ಬಾಗಿಲ ಕಡೆ ಕೈ ತೋರಿಸಿದೆ. ಅವನು ಬಾಗಿಲ ಕಡೆ ಮುಖ ಮಾಡಿ ಮಲಗಿದ.

ಮಣ್ಣಿನ ದಿನ ಶನಿವಾರ. ಬೆಳಿಗ್ಗೆ ಎದ್ದು ಬಾವುಟ ಅರ್ಧಕ್ಕೆ ಕಟ್ಟಿ ದಾರಿಯ ಆಚೆ ನೋಡಿದೆ. ಬರೀ ಕಂಬ. ಮೇರ್ವಿ ಕಾರು ನಡೆಸುತ್ತಿದ್ದಳು, ನಾನು ಕಿಟಕಿಗೆ ಮುಖ ಒತ್ತಿ ಒಂದೊಂದೇ ಅಂಗಳ ನೋಡುತ್ತಾ ಹೋದೆ. ಒಂದರಲ್ಲೂ ಬಾವುಟವಿಲ್ಲ.

"ನೋಡಿದ್ಯಾ?" ಅಂದೆ. "ಒಬ್ರೂ ಇಲ್ಲ. ಎಂಥಾ ಹಗೆ ನೋಡು ಇವರದ್ದು."

"ಅಮ್ಮಾ, ಇವತ್ತಾದ್ರೂ ಬಿಡು" ಅಂದಳು ಮೇರ್ವಿ.

ಚರ್ಚಿನಲ್ಲಿ ನಾವು, ಮೇರ್ವಿಯ ಮನೆಯವರು, ನಗರದಿಂದ ಬಂದ ಪಾದ್ರಿ, ಹಿಂದಿನ ಸಾಲಿನಲ್ಲಿ ಊರಿನ ಬೆರಳೆಣಿಕೆಯ ಮುದುಕಿಯರು. ಗಂಟೆ ಮಾತ್ರ ಮೊದಲಿನ ಹಾಗೇ ಬಾರಿಸಿತು. ಆಮೇಲೆ ಚರ್ಚಿನ ಮನೆಯಲ್ಲಿ ಸಾಲ್ಮನ್ ಸೂಪು, ಕಾಫಿ. ಬಂದ ಸಂತಾಪಗಳನ್ನು ಮೇರ್ವಿ ಎದ್ದು ನಿಂತು ಓದಿದಳು. ಹಿಂದೆಲ್ಲಾ ಪಂಚಾಯಿತಿಗೆ ದುಡಿದವರು ಸತ್ತರೆ ಕೊಕ್ಕರೆಯ ಮುದ್ರೆ ಹಾಕಿದ ಸಂತಾಪ ಎಲ್ಲಕ್ಕಿಂತ ಮೊದಲು ಓದುತ್ತಿದ್ದರು. ಈಗ ಅದನ್ನು ಕಳಿಸುವವರು ಯಾರು? ಊರನ್ನೇ ಎತ್ತಿ ಕೊಟ್ಟವನಿಗೆ ನಗರಸಭೆಯಿಂದ ಒಂದು ಸಾಲೂ ಬಂದಿರಲಿಲ್ಲ.

ತೂಲಿಕ್ಕಿ ಬಂದಿದ್ದಳು. ಈಗ ನಗರದಲ್ಲಿ ವೃದ್ಧರ ವಸತಿಯಲ್ಲಿರುತ್ತಾಳೆ. ಸೊಸೈಟಿ ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ನನ್ನ ಕೈ ಹಿಡಿದು, "ಒಳ್ಳೆ ಮನುಷ್ಯ ನಿನ್ನ ಗಂಡ" ಅಂದಳು.

ನನಗೆ ತಡೆಯಲಾಗಲಿಲ್ಲ. "ಹೌದಾ? ಹಂಗಾದ್ರೆ ಆ ಬಾವುಟಕ್ಕೆ ಅಷ್ಟು ವರ್ಷ ಯಾಕೆ ಮುಖ ತಿರುಗಿಸ್ಕೊಂಡ್ರಿ?"

ಅವಳು ಪಾಪ ನನ್ನ ಮುಖವನ್ನೇ ನೋಡಿದಳು. "ಯಾವ ಬಾವುಟ, ಸೈಮಿ?"

ನಾಟಕವಾಡುತ್ತಿರಲಿಲ್ಲ. ನೆನಪೇ ಇರಲಿಲ್ಲ ಅವಳಿಗೆ. ನಾನು ಕೈ ಬಿಡಿಸಿಕೊಂಡು ಹೋಗಿ, ಬೇಡವಾಗಿದ್ದರೂ ಇನ್ನೊಂದು ಬಟ್ಟಲು ಕಾಫಿ ಬಗ್ಗಿಸಿಕೊಂಡೆ.

ಮನೆಗೆ ಹೊರಟಾಗ ಹೊತ್ತು ಮುಳುಗುತ್ತಿತ್ತು. ನಮ್ಮ ತಿರುವು ಬಂತು. ಎದುರು ಮನೆಯ ಕಂಬದಲ್ಲಿ ಬಾವುಟ ಹಾರುತ್ತಿತ್ತು. ಅರ್ಧಕ್ಕಲ್ಲ. ತುತ್ತತುದಿಯಲ್ಲಿ.

ಕಾರು ನಿಲ್ಲುವುದಕ್ಕೂ ಮುಂಚೆ ಬಾಗಿಲು ತೆಗೆದೆ. ಮೇರ್ವಿ "ಅಮ್ಮಾ" ಅನ್ನುತ್ತಿದ್ದ ಹಾಗೇ ಕಪ್ಪು ಬಟ್ಟೆಯಲ್ಲೇ ದಾರಿ ದಾಟಿ ಅವನ ಅಂಗಳಕ್ಕೆ ನುಗ್ಗಿದೆ. ಎನ್ಸಿಯೊ ಕಪ್ಪು ಸೂಟು ಹಾಕಿಕೊಂಡು ಕಂಬದ ಬುಡದಲ್ಲಿ ನಿಂತಿದ್ದ.

"ಹಬ್ಬ ಮಾಡ್ತಿದೀಯಾ?" ಎಂದು ಕಿರುಚಿದೆ. "ಮಾಡು! ಚೆನ್ನಾಗಿ ಮಾಡು! ಮಣ್ಣಿಗಿಟ್ಟು ಬಂದ್ವಿ, ಖುಷಿ ಆಯ್ತಾ ನಿಂಗೆ? ಸೇಡು ತೀರ್ತಾ? ಅವನು ಸತ್ರೂ ಬಿಡಲ್ವಲ್ಲೋ ನೀನು, ನಿನ್ನ ಮನೆ ಹಾಳಾಗ!"

ಅವನು ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದ. ನನ್ನ ಮುಂದೆಯೇ ನಿಧಾನವಾಗಿ ಬಾವುಟ ಕೆಳಕ್ಕೆ ಬಿಟ್ಟ. ಅದು ಇಳಿಯುತ್ತಾ ಇಳಿಯುತ್ತಾ ಅರ್ಧ ದಾಟಿ, ಅವನ ತೋಳಿನೊಳಕ್ಕೆ ಬಂತು.

"ಇಳಿಸ್ತಿದ್ದೆ, ಸೈಮಿ. ಹೊತ್ತು ಮುಳುಗ್ತು" ಅಂದ.

ಅರ್ಧದಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ. ಸೊಸೈಟಿ ಅಂಗಡಿಯಲ್ಲಿ ಊರಿಗೆಲ್ಲಾ ಬಿಡಿಸಿ ಹೇಳಿದವಳು ನಾನು. ನನ್ನ ಕಣ್ಣೂ ಅವರ ಕಣ್ಣಿನಷ್ಟೇ ಕೆಟ್ಟದ್ದಾಗಿತ್ತು.

"ಯಾವಾಗ ಏರಿಸ್ದೆ?"

"ಗಂಟೆ ಹೊಡೆದಾಗ. ಚರ್ಚಿಗೆ ಬರೋಣ ಅಂತ ಹೊರಟೆ. ಬಾಗ್ಲು ದಾಟೋಕಾಗ್ಲಿಲ್ಲ."

"ಬೆಳಿಗ್ಗೆ ಏನಾಗಿತ್ತು? ಅವನು ಸತ್ತ ದಿನ ಏನಾಗಿತ್ತು ನಿಂಗೆ?"

ಎನ್ಸಿಯೊ ಬಾವುಟವನ್ನು ಎದೆಗೆ ಅವಚಿಕೊಂಡ. "ಯಾವ ಮುಖ ಇಟ್ಕೊಂಡು ಇಳಿಸ್ಲಿ? ನಾನು ಊರಲ್ಲೇ ಇದ್ದೆ, ಸೈಮಿ."

"ಯಾವತ್ತು?" ಅಂದೆ. ಕೇಳುವಾಗಲೇ ಗೊತ್ತಾಗಿತ್ತು.

"ಆವತ್ತು. ಒಳಗೇ ಇದ್ದೆ. ಅವನು ಹಗ್ಗ ಜಗ್ಗೋದನ್ನ ಕಿಟಕೀಲಿ ನೋಡ್ತಿದ್ದೆ. ಬಂದು ಬಾಗ್ಲು ತಟ್ಟಿದ. 'ಲೋ ಎನ್ಸಿಯೊ, ಕಂಬ ಮಲಗಿಸ್ಬೇಕು ಬಾರೋ' ಅಂದ. ನಾನು ಬಾಗ್ಲ ಹಿಂದೆ ನಿಂತಿದ್ದೆ. ಅವನ ಉಸಿರು ಕೇಳಿಸ್ತಿತ್ತು. ಅನುಭವಿಸ್ಲಿ ಅಂದ್ಕೊಂಡೆ. ಒಂದಿನ ಅನುಭವಿಸ್ಲಿ ಅಂತ ಅಷ್ಟೆ."

"ಅವನು ನೀನು ಊರಲ್ಲಿಲ್ಲ ಅಂದ."

"ಒಲೆ ಉರೀತಿತ್ತು ಕಣೇ. ಚಿಮಣೀಲಿ ಹೊಗೆ ಹೋಗ್ತಿತ್ತು. ಅವನಿಗೆ ಗೊತ್ತಿತ್ತು."

ಗೊತ್ತಿತ್ತು. ಕಿತ್ತ ಅಂಗೈ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತು, ಊರಲ್ಲಿಲ್ಲ ಅನ್ಸುತ್ತೆ ಅಂದನಲ್ಲ. ಅದೇ ಮಾತನ್ನು ನಾನು ಹೊತ್ತುಕೊಂಡು ಹೋಗಿ ಅಂಗಡಿಯಲ್ಲಿ ಎನ್ಸಿಯೊನ ಮುಂದೆ ಇಟ್ಟೆನಲ್ಲ. ಇವನು ಅದನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡನಲ್ಲ.

"ಎಲ್ಲರ ಮುಂದೆ ಹೇಳ್ತೀನಿ" ಅಂದ ಎನ್ಸಿಯೊ. "ನನ್ನ ಬಾಯಿಂದಾನೇ ಹೇಳ್ತೀನಿ. ನೀನು ಎಲ್ಲಿ ಹೇಳು ಅಂದ್ರೆ ಅಲ್ಲಿ."

"ಹೇಳು ಹೋಗು! ಈ ದಾರೀಲಿ ಒಬ್ರಾದ್ರೂ ಬಾವುಟ ಇಳಿಸಿದ್ದಾರಾ ನೋಡು ನೀನು ಹಚ್ಚಿದ ಬೆಂಕಿಗೆ! ಒಂದೊಂದು ಮನೆಗೂ ಹೋಗಿ ಹೇಳು!"

ಅವನು ದಾರಿಯ ಉದ್ದಕ್ಕೂ ನೋಡಿದ, ಆಮೇಲೆ ನನ್ನನ್ನು ನೋಡಿದ. "ಯಾವ ಮನೆಗೆ, ಸೈಮಿ? ಯಾರು ಇಳಿಸ್ಬೇಕಿತ್ತು? ಈ ದಾರೀಲಿ ಈಗ ಇರೋದು ನೀನು, ನಾನು."

ನಾನು ತಿರುಗಿ ನೋಡಿದೆ. ಕತ್ತಲಾಗುತ್ತಿತ್ತು, ದೀಪ ಹಚ್ಚುವ ಹೊತ್ತು. ಒಂದು ಕಿಟಕಿಯಲ್ಲೂ ದೀಪವಿಲ್ಲ. ತಿರುವಿನ ಮನೆಯವರು ಸತ್ತಿದ್ದರು, ಅದರ ಪಕ್ಕದವರು ಮಕ್ಕಳ ಹತ್ತಿರ ಹೋಗಿದ್ದರು. ಆಚೆಯ ಎರಡನ್ನು ನಗರದವರು ಬೇಸಿಗೆಗೆಂದು ಕೊಂಡು ಈಗ ಬೀಗ ಹಾಕಿದ್ದರು. ಇದೆಲ್ಲಾ ನನಗೆ ಗೊತ್ತಿರಲಿಲ್ಲವೇ? ಒಂದೊಂದೂ ಗೊತ್ತಿತ್ತು. ಆದರೂ ಬೆಳಿಗ್ಗೆ ಆ ಖಾಲಿ ಅಂಗಳಗಳಲ್ಲಿ ನಾನು ನೋಡಿದ್ದು ಹಗೆಯನ್ನು. ಹಗೆಯಾದರೂ ಇದ್ದಿದ್ದರೆ ಊರು ಇದೆ ಎಂದಾಗುತ್ತಿತ್ತು. ಅಪ್ಪನ ಊರು ಹೋದಾಗ ಅಮ್ಮ ಅಳುತ್ತಿದ್ದಳು. ನನ್ನದು ಹೋಗಿದ್ದು ನನಗೆ ತಿಳಿಯಲೇ ಇಲ್ಲ, ನಾನು ಜಗಳವಾಡುತ್ತಾ ಕೂತಿದ್ದೆ.

ದಾರಿ ದಾಟಿ ಮನೆಗೆ ಬಂದೆ. ಮೇರ್ವಿ ಚರ್ಚಿನ ಮನೆಯ ಪಾತ್ರೆ ತೊಳೆಯಲು ವಾಪಸು ಹೋಗಬೇಕಿತ್ತು, ಕಳಿಸಿದೆ. ನಮ್ಮ ಬಾವುಟ ಇನ್ನೂ ಅರ್ಧದಲ್ಲೇ ಇತ್ತು. ಒಬ್ಬಳೇ ಇಳಿಸಲು ಹೋದೆ. ಬೆರಳಿಗೆ ಗಂಟು ಬಿಚ್ಚಲಾಗಲಿಲ್ಲ, ಬೆಳಿಗ್ಗೆ ಸಿಟ್ಟಿನಲ್ಲಿ ಅಷ್ಟು ಬಿಗಿದಿದ್ದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು.

ಎದ್ದು ಹೋಗಿ ಬಾಗಿಲ ಹಿಂದೆ ನಿಂತೆ. ತೆಗೆಯಲಿಲ್ಲ. ಆಚೆ ಅವನ ಉಸಿರು ಕೇಳಿಸುತ್ತಿತ್ತು, ಮುದುಕನ ಉಸಿರು, ಸುಂಯ್‌ಗುಟ್ಟುವ ಉಸಿರು. ಅನುಭವಿಸಲಿ ಎಂದುಕೊಂಡೆ. ಮನಸಾರೆ ಅಂದುಕೊಂಡೆ. ಔಲಿಸ್ ಆವತ್ತು ಎಷ್ಟು ಹೊತ್ತು ನಿಂತಿದ್ದನೋ, ಇವನು ಅದಕ್ಕಿಂತ ಹೆಚ್ಚು ನಿಂತಿರಬೇಕು. ಇನ್ನೊಂದು ಸಲ ತಟ್ಟಲಿಲ್ಲ, ಹೋಗಲೂ ಇಲ್ಲ. ಬಾವುಟ ಹೊರಗೆ ಕತ್ತಲಲ್ಲಿತ್ತು.

ಬಾಗಿಲು ತೆಗೆದೆ.

"ನಿನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡ" ಅಂದೆ.

"ಇಲ್ಲ" ಅಂದ.

ಇಬ್ಬರೂ ಅಂಗಳಕ್ಕೆ ಹೋದೆವು. ಅವನು ಹಲ್ಲಿನಲ್ಲಿ ಕಚ್ಚಿ ಗಂಟು ಸಡಿಲಿಸಿದ. "ಹಿಡಿ" ಅಂದ. ನಾನು ಹಗ್ಗ ಹಿಡಿದೆ. ಮೊದಲು ತುದಿಯವರೆಗೆ ಏರಿಸಿದೆವು. ಮೇಲೆ ಅದು ಒಮ್ಮೆ ಪಟಪಟ ಎಂದಿತು, ನೋಡುವವರು ಯಾರೂ ಇರಲಿಲ್ಲ. "ಬಿಡು" ಅಂದ. ಬಿಟ್ಟೆ. ಆಮೇಲೆ ಅವನು ಆ ಅಂಚು ಹಿಡಿದ, ನಾನು ಈ ಅಂಚು ಹಿಡಿದೆ. ನೆಲಕ್ಕೆ ತಾಗದ ಹಾಗೆ ಮಡಿಸಿದೆವು.